ನಕ್ಷೆ ಹಾಕಿ, ಜೊತೆಗೆ ದಾರಿಯನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಕ್ರೀಡಾ ಪುಟದಲ್ಲಿ ಬಂದಿದ್ದ ಅಮೆರಿಕದ ಬಣ್ಣದ ನಕ್ಷೆ ನೋಡಿ ಈ ಪತ್ರ ಬರೆಯುತ್ತಿದ್ದೇನೆ. ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಒಂದು ಋತುವನ್ನು ತಂಡಗಳು ಒಂದರ ನೆಲವನ್ನು ಇನ್ನೊಂದು ಕಿತ್ತುಕೊಳ್ಳುವ ಯುದ್ಧದ ಹಾಗೆ ತೋರಿಸುವ ನಕ್ಷೆ. ಹಾಕಿದ್ದಕ್ಕೆ ನಿಜಕ್ಕೂ ಖುಷಿಯಾಯಿತು. ಆದರೆ ಚಿತ್ರದ ಕೆಳಗೆ, ಹೆಚ್ಚು ನೆಲ ಇರುವ ತಂಡವೇ ಆ ವರ್ಷದ ಬಲಿಷ್ಠ ತಂಡ ಅನ್ನುವ ಅರ್ಥದಲ್ಲಿ ಒಂದು ಸಾಲು ಬರೆದಿದ್ದೀರಿ. ಅದು ಸರಿಯಲ್ಲ. ಸರಿಯಲ್ಲ ಅನ್ನುವುದಕ್ಕಿಂತ, ಹಾಗೆ ಓದಿದರೆ ಈ ನಕ್ಷೆಯ ಮಜಾ ಪೂರ್ತಿ ಹೋಗುತ್ತದೆ, ಅದೇ ನನ್ನ ದೂರು.

ಗೊತ್ತಿಲ್ಲದವರಿಗಾಗಿ ಮೊದಲು ನಿಯಮ ಹೇಳಿಬಿಡುತ್ತೇನೆ, ನೀವು ಅದನ್ನೇ ಹಾಕಿರಲಿಲ್ಲ. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ, ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕನ್ ಫುಟ್‌ಬಾಲ್. ಒಟ್ಟು 32 ತಂಡಗಳು. ಋತು ಶುರುವಾಗುವ ಮೊದಲು ದೇಶದ ಪ್ರತಿಯೊಂದು ಕೌಂಟಿಯನ್ನೂ ಅದಕ್ಕೆ ಎಲ್ಲಕ್ಕಿಂತ ಹತ್ತಿರದ ತಂಡದ ಹೆಸರಿಗೆ ಬರೆಯುತ್ತಾರೆ. ಕೌಂಟಿ ಅಂದರೆ ಹೆಚ್ಚುಕಡಿಮೆ ಜಿಲ್ಲೆ ಅಂದುಕೊಳ್ಳಿ, ಅಂಥವು 3,100ಕ್ಕೂ ಜಾಸ್ತಿ ಇವೆ (ಲೂಯಿಸಿಯಾನದಲ್ಲಿ ಅದಕ್ಕೆ ಪ್ಯಾರಿಷ್ ಅಂತಾರೆ, ಅಲಾಸ್ಕಾದಲ್ಲಿ ಬರೋ, ಅದು ಬಿಡಿ). ಆಮೇಲೆ ಪ್ರತಿ ವಾರ ಗೆದ್ದ ತಂಡ, ಸೋತ ತಂಡದ ಕೈಯಲ್ಲಿ ಆ ಹೊತ್ತಿಗೆ ಎಷ್ಟು ನೆಲ ಇದೆಯೋ ಅಷ್ಟನ್ನೂ ತೆಗೆದುಕೊಳ್ಳುತ್ತದೆ. ಸ್ವಂತದ್ದು, ಬೇರೆಯವರಿಂದ ಗೆದ್ದು ತಂದದ್ದು, ಎಲ್ಲವೂ ಹೋಯಿತು. ಪಂದ್ಯ ಟೈ ಆದರೆ ಯಾರ ನೆಲವೂ ಅಲ್ಲಾಡುವುದಿಲ್ಲ. ನೆಲ ಕಳೆದುಕೊಂಡ ತಂಡ ಆಟದಿಂದ ಹೊರಗೆ ಹೋಗುವುದಿಲ್ಲ, ನೆಲ ಇರುವ ಯಾರನ್ನಾದರೂ ಸೋಲಿಸಿದರೆ ಒಂದೇ ಸಂಜೆಯಲ್ಲಿ ಮತ್ತೆ ಒಡೆಯ ಆಗಬಹುದು. ಅಷ್ಟೇ ನಿಯಮ.

ಈ ಸಣ್ಣ ನಿಯಮದಿಂದ ಏನೇನು ಹುಟ್ಟುತ್ತದೆ ನೋಡಿ. ನೆಲ ಇರುವ ಎರಡು ತಂಡ ಎದುರಾದರೆ ಒಡೆಯರ ಸಂಖ್ಯೆ ಒಂದು ಕಡಿಮೆಯಾಗುತ್ತದೆ. ನೆಲ ಇರುವವರು ಇಲ್ಲದವರ ಕೈಲಿ ಸೋತರೆ ಹೆಸರು ಮಾತ್ರ ಬದಲು, ಸಂಖ್ಯೆ ಅಷ್ಟೇ. ಇಬ್ಬರ ಹತ್ತಿರವೂ ನೆಲ ಇಲ್ಲದಿದ್ದರೆ ಯಾರು ಗೆದ್ದರೂ ನಕ್ಷೆಗೆ ಏನೂ ಆಗುವುದಿಲ್ಲ. ಅಂದರೆ ಒಡೆಯರ ಸಂಖ್ಯೆ ಇಳಿಯಬಹುದು ಅಥವಾ ಅಲ್ಲೇ ನಿಲ್ಲಬಹುದು, ಹೆಚ್ಚಾಗುವ ದಾರಿಯೇ ಇಲ್ಲ. ಮೊದಲ ವಾರದಲ್ಲೇ 16 ಪಂದ್ಯಗಳು, 32 ಒಡೆಯರು ಒಂದೇ ಏಟಿಗೆ 16 ಆಗುತ್ತಾರೆ. ಅರ್ಧ ಲೀಗ್ ಮೊದಲ ವಾರ ಮುಗಿಯುವಷ್ಟರಲ್ಲಿ ಬೀದಿಗೆ ಬಂದಿರುತ್ತದೆ. ವಾರ ಕಳೆದಂತೆ ಸಣ್ಣ ತುಂಡುಗಳು ಸೇರಿ ದೊಡ್ಡ ಗಂಟುಗಳಾಗುತ್ತವೆ, ಕೊನೆಗೆ ಉಳಿಯುವುದು ಬೆರಳೆಣಿಕೆಯಷ್ಟು ಗಂಟು. ಹಾಗಾಗಿ ಕೊನೆಯ ನಕ್ಷೆ ಸಾಮಾನ್ಯವಾಗಿ ಕೆಲವೇ ಬಣ್ಣಗಳಲ್ಲಿ ಇರುತ್ತದೆ. ಅದನ್ನು ನೋಡಿ 'ಅಬ್ಬಾ, ಈ ತಂಡ ದೇಶವನ್ನೇ ಗೆದ್ದಿತು' ಅಂದರೆ ಅರ್ಥ ಇಲ್ಲ, ಯಾವುದೋ ಒಂದು ತಂಡ ಹಾಗೆ ಕಾಣಿಸಲೇಬೇಕು.

ಹಾಗಾದರೆ ನಕ್ಷೆ ಹೇಳುವುದು ಏನು? ಒಂದು ತುಂಡು ನೆಲ ಯಾರಿಂದ ಯಾರಿಗೆ ಹೋಯಿತು ಅನ್ನುವ ಕಥೆ. ಹೆಚ್ಚುಕಡಿಮೆ ಹೊಲದ ಪಹಣಿಯ ಹಾಗೆ. ಈಗಿನ ಹೆಸರು ನೋಡಿದರೆ ಏನೂ ತಿಳಿಯುವುದಿಲ್ಲ, ಹಿಂದಿನ ಹೆಸರುಗಳನ್ನೆಲ್ಲ ಓದಿದರೆ ಊರಿನ ಕಥೆಯೇ ಸಿಗುತ್ತದೆ.

ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ. 2018ರ ಋತುವನ್ನು ಕಾಗದ ಪೆನ್ಸಿಲ್ ಹಿಡಿದು ಹಿಂಬಾಲಿಸಿದ್ದೇನೆ. ಆ ವರ್ಷವನ್ನೇ ಯಾಕೆ ಆರಿಸಿಕೊಂಡೆ ಅಂದರೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕಾಗಿ. 2017ರಲ್ಲಿ ಅವರು ಆಡಿದ 16 ಪಂದ್ಯಗಳಲ್ಲಿ 16ನ್ನೂ ಸೋತಿದ್ದರು. 2018ರ ಸೆಪ್ಟೆಂಬರ್ 9ರಂದು ಮೊದಲ ಪಂದ್ಯ ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧ, 21-21, ಟೈ. ನಕ್ಷೆಯ ಲೆಕ್ಕದಲ್ಲಿ ಅದು ಅವರಿಗೆ ದೊಡ್ಡ ವಿಷಯ, ಸ್ವಂತ ನೆಲ ಇನ್ನೊಂದು ವಾರ ಉಳಿಯಿತು. (ಆ ಟೈ ಕಾರಣ ಆ ವಾರ 16ರ ಬದಲು 17 ಒಡೆಯರು ಉಳಿದರು.) ಮುಂದಿನ ಭಾನುವಾರ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಕೈಲಿ 21-18ಕ್ಕೆ ಸೋಲು, ನೆಲ ಹೋಯಿತು.

ಮೂರನೇ ವಾರ, ಸೆಪ್ಟೆಂಬರ್ 20, ನ್ಯೂಯಾರ್ಕ್ ಜೆಟ್ಸ್ ವಿರುದ್ಧ ಬ್ರೌನ್ಸ್ 21-17ಕ್ಕೆ ಗೆದ್ದರು. 2016ರ ಡಿಸೆಂಬರ್ ನಂತರ ಅವರ ಮೊದಲ ಗೆಲುವು. ಬ್ರೌನ್ಸ್ ಗೆದ್ದರೆ ಮಾತ್ರ ಬೀಗ ತೆರೆಯುತ್ತೇವೆ ಅಂತ ಊರಿನ ಬಾರುಗಳಲ್ಲಿ ಸರಪಳಿ ಹಾಕಿ ಇಟ್ಟಿದ್ದ ಬಿಯರ್ ಫ್ರಿಜ್‌ಗಳು ಅವತ್ತು ತೆರೆದವು. ನಕ್ಷೆಯಲ್ಲಿ? ಒಂದು ಇಂಚೂ ಅಲ್ಲಾಡಲಿಲ್ಲ. ಜೆಟ್ಸ್ ಹಿಂದಿನ ವಾರವೇ ಮಯಾಮಿ ಡಾಲ್ಫಿನ್ಸ್‌ಗೆ ಸೋತು ಬರಿಗೈಲಿ ಬಂದಿದ್ದರು, ಅವರ ಹತ್ತಿರ ಕಿತ್ತುಕೊಳ್ಳುವುದಕ್ಕೆ ಏನೂ ಇರಲಿಲ್ಲ. ಒಂದು ಊರು ವರ್ಷಗಟ್ಟಲೆ ಕಾದ ಗೆಲುವು ನಕ್ಷೆಗೆ ಕಾಣಿಸಲೇ ಇಲ್ಲ ನೋಡಿ.

ಕಾಣಿಸಿದ್ದು ಐದನೇ ವಾರ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು, ತಾಳ್ಮೆ ಇರಲಿ.

ಮೊದಲ ವಾರ ಟ್ಯಾಂಪಾ ಬೇ ಬಕನಿಯರ್ಸ್ ತಂಡ ಸೇಂಟ್ಸನ್ನು 48-40ಕ್ಕೆ ಸೋಲಿಸಿ ಲೂಯಿಸಿಯಾನದ ಕಡೆಯ ನೆಲ ತೆಗೆದುಕೊಂಡಿತ್ತು. ಅದೇ ವಾರ ಫಿಲಡೆಲ್ಫಿಯಾ ಈಗಲ್ಸ್, ಅಂದರೆ ಹಿಂದಿನ ಋತುವಿನ ಚಾಂಪಿಯನ್, ಅಟ್ಲಾಂಟಾ ಫಾಲ್ಕನ್ಸ್ ನೆಲ ಗೆದ್ದಿತ್ತು. ಎರಡನೇ ವಾರ ಟ್ಯಾಂಪಾ ಆ ಈಗಲ್ಸನ್ನೂ ಸೋಲಿಸಿತು, ಹೀಗೆ ನಾಲ್ಕು ತಂಡಗಳ ನೆಲ ಒಂದೇ ಗಂಟು. ಮೂರನೇ ವಾರ ಆ ಗಂಟು ಸ್ಟೀಲರ್ಸ್ ಪಾಲಾಯಿತು. ಇತ್ತ ಪಶ್ಚಿಮದಲ್ಲಿ ಡೆನ್ವರ್ ಬ್ರಾಂಕೋಸ್ ಮೊದಲ ವಾರ ಸಿಯಾಟಲ್ ಸೀಹಾಕ್ಸನ್ನು 27-24ಕ್ಕೆ ಸೋಲಿಸಿತ್ತು. ಅಲಾಸ್ಕಾಕ್ಕೆ ಎಲ್ಲಕ್ಕಿಂತ ಹತ್ತಿರದ ತಂಡ ಸಿಯಾಟಲ್, ಹಾಗಾಗಿ ಇಡೀ ಅಲಾಸ್ಕಾ ಡೆನ್ವರ್‌ಗೆ. ಮೂರನೇ ವಾರ ಡೆನ್ವರ್ ಬಾಲ್ಟಿಮೋರ್ ರೇವನ್ಸ್‌ಗೆ ಸೋತಿತು. ನಾಲ್ಕನೇ ವಾರ ಅದೇ ರೇವನ್ಸ್, ಸ್ಟೀಲರ್ಸನ್ನು 26-14ಕ್ಕೆ ಸೋಲಿಸಿ ಆ ಇನ್ನೊಂದು ಗಂಟನ್ನೂ ಹೊತ್ತುಕೊಂಡರು. ಅಕ್ಟೋಬರ್ 7ಕ್ಕೆ ರೇವನ್ಸ್ ಬಂದಿದ್ದು ಕ್ಲೀವ್‌ಲ್ಯಾಂಡ್‌ಗೆ. ಹೆಚ್ಚುವರಿ ಸಮಯದಲ್ಲಿ ಬ್ರೌನ್ಸ್ 12-9ಕ್ಕೆ ಗೆದ್ದರು.

ಒಂದು ಸಂಜೆಯಲ್ಲಿ ಅವರ ಕೈಗೆ ಸಿಕ್ಕಿದ್ದು ಅಲಾಸ್ಕಾ, ಸಿಯಾಟಲ್, ಡೆನ್ವರ್, ಟ್ಯಾಂಪಾ, ಅಟ್ಲಾಂಟಾ, ಫಿಲಡೆಲ್ಫಿಯಾ, ನ್ಯೂ ಆರ್ಲಿಯನ್ಸ್. ಹಿಂದಿನ ವರ್ಷ ಒಂದೂ ಪಂದ್ಯ ಗೆಲ್ಲದ ತಂಡಕ್ಕೆ! ಇನ್ನೂ ತಮಾಷೆ ಏನೆಂದರೆ ಆ ಹೊತ್ತಿಗೆ ಕ್ಲೀವ್‌ಲ್ಯಾಂಡ್ ಮಾತ್ರ ಅವರದ್ದಾಗಿರಲಿಲ್ಲ, ಅದು ಸೇಂಟ್ಸ್ ಕೈಲಿತ್ತು. ಸೇಂಟ್ಸ್‌ನ ನ್ಯೂ ಆರ್ಲಿಯನ್ಸ್ ಬ್ರೌನ್ಸ್ ಕೈಲಿತ್ತು. ಒಬ್ಬರ ಮನೆಯಲ್ಲಿ ಇನ್ನೊಬ್ಬರು. ಅಂಕಪಟ್ಟಿ ಎಷ್ಟು ಸಲ ನೋಡಿದರೂ ಇಂಥದ್ದು ಸಿಗುತ್ತದಾ ಹೇಳಿ?

ಮುಂದಿನ ಭಾನುವಾರವೇ ಲಾಸ್ ಏಂಜಲೀಸ್ ಚಾರ್ಜರ್ಸ್ ಬಂದು 38-14ಕ್ಕೆ ಬಡಿದು ಎಲ್ಲವನ್ನೂ ತೆಗೆದುಕೊಂಡು ಹೋದರು. ಬ್ರೌನ್ಸ್ ಸಾಮ್ರಾಜ್ಯ ಒಂದು ವಾರಕ್ಕೆ ಮುಗಿಯಿತು.

ಅಲಾಸ್ಕಾದ ದಾರಿ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಚಾರ್ಜರ್ಸ್‌ನಿಂದ ನವೆಂಬರ್ 18ರಂದು ಒಂದೇ ಅಂಕದ ಅಂತರದಲ್ಲಿ, 23-22, ಮತ್ತೆ ಡೆನ್ವರ್‌ಗೆ. ಡಿಸೆಂಬರ್ 9ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್‌ಗೆ, ಡಿಸೆಂಬರ್ 23ಕ್ಕೆ ಷಿಕಾಗೊ ಬೇರ್ಸ್‌ಗೆ. ಜನವರಿಯಲ್ಲಿ ನಾಕೌಟ್ ಪಂದ್ಯಗಳು ಶುರು. ಬೇರ್ಸ್ 16-15ಕ್ಕೆ ಈಗಲ್ಸ್ ಕೈಲಿ ಸೋತರು. ಗೆಲುವಿಗಾಗಿ ಕೊನೆಯ ಕ್ಷಣದಲ್ಲಿ ಬೇರ್ಸ್ ಒದ್ದ ಚೆಂಡು (ಈ ಆಟದಲ್ಲೂ ಒದ್ದು ಅಂಕ ಗಳಿಸಬಹುದು) ಮೊದಲು ಗೋಲು ಕಂಬಕ್ಕೆ, ಆಮೇಲೆ ಅಡ್ಡಪಟ್ಟಿಗೆ ಬಡಿದು ಹೊರಗೆ ಬಿತ್ತಲ್ಲ, ಅದೇ ಪಂದ್ಯ. ಆ ಚೆಂಡು ಒಂದಿಷ್ಟು ಒಳಗೆ ಹೋಗಿದ್ದರೆ ಅಲಾಸ್ಕಾ ಷಿಕಾಗೊದಲ್ಲೇ ಉಳಿಯುತ್ತಿತ್ತು. 1867ರಲ್ಲಿ ಅಮೆರಿಕ ಅದನ್ನು ರಷ್ಯಾದಿಂದ 72 ಲಕ್ಷ ಡಾಲರ್‌ಗೆ ಕೊಂಡಿತ್ತು. ಇಲ್ಲಿ ಒಂದು ಕಂಬದ ಮೇಲೆ ಕೈ ಬದಲಾಯಿತು.

ಜನವರಿ 13ರಂದು ಸೇಂಟ್ಸ್ ಈಗಲ್ಸನ್ನು 20-14ಕ್ಕೆ ಸೋಲಿಸಿದರು. ಆ ಗಂಟಿನೊಳಗೇ ಅವರ ಸ್ವಂತ ನ್ಯೂ ಆರ್ಲಿಯನ್ಸ್ ಇತ್ತು. ಇದನ್ನು ಸ್ವಲ್ಪ ನಿಂತು ನೋಡಿ. ಆ ವರ್ಷ ಸೇಂಟ್ಸ್ 13 ಗೆಲುವು, 3 ಸೋಲು. ಮಧ್ಯೆ ಸಾಲಾಗಿ ಹತ್ತು ಪಂದ್ಯ ಗೆದ್ದಿದ್ದರು. ಆದರೆ ಸೆಪ್ಟೆಂಬರ್ 9ರಂದು ಕಳೆದುಕೊಂಡ ಸ್ವಂತ ಊರು ಅವರಿಗೆ ವಾಪಸ್ ಸಿಕ್ಕಿದ್ದು ಜನವರಿ 13ಕ್ಕೆ. ಒಂದು ವಾರ ಇಟ್ಟುಕೊಂಡರು. ಜನವರಿ 20ಕ್ಕೆ ಲಾಸ್ ಏಂಜಲೀಸ್ ರ್‍ಯಾಮ್ಸ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 26-23 ಸೋಲು. ಕಣ್ಣಿಗೆ ರಾಚುವ ಫೌಲ್ ಒಂದಕ್ಕೆ ಅಂಪೈರ್‌ಗಳು ದಂಡ ಕೊಡಲಿಲ್ಲ ಅಂತ ಲೂಯಿಸಿಯಾನ ಜನ ಸಿಟ್ಟಾಗಿದ್ದ ಪಂದ್ಯ ಅದು. ಅಲಾಸ್ಕಾ ಹೋಯಿತು, ಊರೂ ಮತ್ತೆ ಹೋಯಿತು.

ಇನ್ನೊಂದು ಗಂಟಿನ ಕಥೆ ಚುಟುಕಾಗಿ ಹೇಳುತ್ತೇನೆ. ರ್‍ಯಾಮ್ಸ್ ಮೊದಲ ಎಂಟೂ ಪಂದ್ಯ ಗೆದ್ದು ಕೂಡಿಸಿದ್ದನ್ನೆಲ್ಲ ನವೆಂಬರ್ 4ರಂದು ಸೇಂಟ್ಸ್‌ಗೆ ಕಳೆದುಕೊಂಡರು. ಕ್ಲೀವ್‌ಲ್ಯಾಂಡ್ ಕೂಡ ಅದೇ ಗಂಟಲ್ಲಿ. ನವೆಂಬರ್ 29ಕ್ಕೆ ಡಲ್ಲಾಸ್ ಕೌಬಾಯ್ಸ್ ಅದನ್ನು 13-10ಕ್ಕೆ ಕಿತ್ತುಕೊಂಡರು. ಡಿಸೆಂಬರ್ 16ಕ್ಕೆ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಡಲ್ಲಾಸನ್ನು 23-0ಗೆ ಸೋಲಿಸಿದರು. ಈ ಕೋಲ್ಟ್ಸ್ ಋತುವನ್ನು ಒಂದು ಗೆಲುವು, ಐದು ಸೋಲಿನಿಂದ ಶುರುಮಾಡಿದ್ದವರು. ಲೀಗ್ ಹಂತ ಮುಗಿದಾಗ ಆ ಇಡೀ ಗಂಟು ಅವರ ಕೈಲೇ ಇತ್ತು. ನಿಮ್ಮ ಚಿತ್ರದ ಕೆಳಗಿನ ಸಾಲನ್ನು ನಂಬಿದರೆ 10 ಗೆದ್ದು 6 ಸೋತ ಕೋಲ್ಟ್ಸನ್ನು 13 ಗೆದ್ದ ಸೇಂಟ್ಸ್, 13 ಗೆದ್ದ ರ್‍ಯಾಮ್ಸ್ ಇಬ್ಬರಿಗಿಂತ ಮೇಲೆ ಕೂರಿಸಬೇಕಾಗುತ್ತದೆ. ಕೂರಿಸೋಣ್ವಾ?

ಕೋಲ್ಟ್ಸ್‌ನಿಂದ ಕಾನ್ಸಾಸ್ ಸಿಟಿ ಚೀಫ್ಸ್‌ಗೆ ಜನವರಿ 12, ಚೀಫ್ಸ್‌ನಿಂದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಜನವರಿ 20. ಆ ವರ್ಷ ಕಪ್ ಗೆದ್ದ ಪೇಟ್ರಿಯಟ್ಸ್ ಕಥೆ ಇನ್ನೂ ವಿಚಿತ್ರ. ಎರಡನೇ ವಾರವೇ ಜಾಕ್ಸನ್‌ವಿಲ್ ಜಾಗ್ವಾರ್ಸ್ ಕೈಲಿ ಸೋತು ತಮ್ಮದೇ ಬಾಸ್ಟನ್ ಸಮೇತ ಎಲ್ಲ ನೆಲ ಕಳೆದುಕೊಂಡಿದ್ದರು. ಆ ನೆಲ ಟೆನೆಸ್ಸಿ ಟೈಟನ್ಸ್, ಬಫಲೋ ಬಿಲ್ಸ್, ಹ್ಯೂಸ್ಟನ್ ಟೆಕ್ಸನ್ಸ್, ಕೋಲ್ಟ್ಸ್, ಚೀಫ್ಸ್ ಅಂತ ಐದು ಮನೆ ಸುತ್ತಿ ಅವರ ಕೈಗೆ ಬಂದಿದ್ದು ಅದೇ ಜನವರಿ 20ಕ್ಕೆ. ಅಂದರೆ ಕೊನೆಗೆ ಚಾಂಪಿಯನ್ ಆದ ತಂಡ ಸೆಪ್ಟೆಂಬರ್ 16ರಿಂದ ನಾಲ್ಕು ತಿಂಗಳು ತನ್ನ ಸ್ವಂತ ಹಿತ್ತಿಲಿಗೂ ಒಡೆಯ ಆಗಿರಲಿಲ್ಲ. ನೆಲ ಜಾಸ್ತಿ ಇದ್ದರೆ ಬಲ ಜಾಸ್ತಿ ಅನ್ನುವ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಫೆಬ್ರುವರಿ 3ರ ಸೂಪರ್ ಬೌಲ್‌ನಲ್ಲಿ, ಅಂದರೆ ಫೈನಲ್‌ನಲ್ಲಿ, ಈ ಎರಡು ಗಂಟುಗಳೇ ಎದುರಾದವು. ಪೇಟ್ರಿಯಟ್ಸ್ ಹತ್ತಿರ ಕ್ಲೀವ್‌ಲ್ಯಾಂಡ್, ಬಾಸ್ಟನ್, ಜೊತೆಗೆ ರ್‍ಯಾಮ್ಸ್‌ನದೇ ಲಾಸ್ ಏಂಜಲೀಸ್ ನೆಲ. ರ್‍ಯಾಮ್ಸ್ ಹತ್ತಿರ ಅಲಾಸ್ಕಾ, ಡೆನ್ವರ್, ಫಿಲಡೆಲ್ಫಿಯಾ, ನ್ಯೂ ಆರ್ಲಿಯನ್ಸ್. ಪಂದ್ಯ 13-3, ಸೂಪರ್ ಬೌಲ್ ಇತಿಹಾಸದಲ್ಲೇ ಅತಿ ಕಡಿಮೆ ಅಂಕಗಳ ಪಂದ್ಯ, ನೋಡಿದವರು ಆಕಳಿಸಿದರು. ಈ ದಾರಿ ಗೊತ್ತಿದ್ದವರಿಗೆ ಮಾತ್ರ ಒಂದೊಂದು ನಿಮಿಷವೂ ಭಾರವಾಗಿತ್ತು.

ಈ ಆಟದಲ್ಲಿ ಇದೆಲ್ಲ ಯಾಕೆ ಇಷ್ಟು ಚೆನ್ನಾಗಿ ಕೂರುತ್ತದೆ ಅಂದರೆ ಪಂದ್ಯಗಳು ಕಡಿಮೆ. ಆಗ ತಂಡಕ್ಕೆ 16, 2021ರಿಂದ 17. ಅದರಲ್ಲೂ ತನ್ನ ಗುಂಪಿನ ಮೂರು ತಂಡಗಳ ಜೊತೆ ಎರಡೆರಡು ಸಲ ಆಡಬೇಕು. ಹಾಗಾಗಿ ಒಂದು ತಂಡ ವರ್ಷಕ್ಕೆ ಎದುರಿಸುವುದು ಉಳಿದ 31ರಲ್ಲಿ 14 ತಂಡಗಳನ್ನು ಮಾತ್ರ. ಯಾವ ವಾರ ಯಾರು ಎದುರು ಸಿಕ್ಕರು ಅನ್ನುವುದೇ ಅರ್ಧ ಭವಿಷ್ಯ. ಇಂಗ್ಲಿಷ್ ಪ್ರೀಮಿಯರ್ ಲೀಗ್‌ನಂಥ ಕಡೆ 20 ತಂಡಗಳು, ಎಲ್ಲರೂ ಎಲ್ಲರ ವಿರುದ್ಧ ಎರಡು ಸಲ, ಡ್ರಾಗಳೂ ತುಂಬಾ. ಅಲ್ಲಿ ನಕ್ಷೆ ಎಷ್ಟೋ ವಾರ ನಿಂತಲ್ಲೇ ನಿಲ್ಲುತ್ತದೆ. ಇಲ್ಲಿ 2018ರ ಇಡೀ ಋತುವಿನಲ್ಲಿ ಟೈ ಆಗಿದ್ದು ಎರಡೇ.

ಕೊರತೆಗಳೂ ಇವೆ. ಅಲಾಸ್ಕಾ ಸುಮಾರು 17 ಲಕ್ಷ ಚದರ ಕಿಲೋಮೀಟರ್, ಜನ ಏಳೂವರೆ ಲಕ್ಷವೂ ಇಲ್ಲ. ಅದು ಯಾರ ಕೈಲಿದೆಯೋ ಅವರು ನಕ್ಷೆಯಲ್ಲಿ ದೈತ್ಯರು. ನ್ಯೂಯಾರ್ಕ್ ಸುತ್ತಲಿನ ಕೋಟ್ಯಂತರ ಜನ ಇರುವ ತುಂಡು ಹುಡುಕಿದರೂ ಕಾಣುವುದಿಲ್ಲ. ಆ ನ್ಯೂಯಾರ್ಕ್‌ನದೇ ಇನ್ನೊಂದು ತಲೆನೋವು. ಜೈಂಟ್ಸ್ ಮತ್ತು ಜೆಟ್ಸ್ ಎರಡೂ ತಂಡಗಳು ಆಡುವುದು ಒಂದೇ ಸ್ಟೇಡಿಯಂನಲ್ಲಿ, ಅದೂ ಪಕ್ಕದ ನ್ಯೂಜೆರ್ಸಿಯಲ್ಲಿ. ಹತ್ತಿರದ ತಂಡ ಯಾವುದು ಅಂತ ಅಳೆದರೆ ಎರಡಕ್ಕೂ ಒಂದೇ ಉತ್ತರ ಬರುತ್ತದೆ. 2020ರಿಂದ ರ್‍ಯಾಮ್ಸ್ ಮತ್ತು ಚಾರ್ಜರ್ಸ್ ಕಥೆಯೂ ಇದೇ. ನಕ್ಷೆ ಮಾಡುವವರು ತಮಗೆ ತೋಚಿದಂತೆ ಗೆರೆ ಹಾಕುತ್ತಾರೆ, ಹಾಕಲಿ, ಆದರೆ ಹೇಗೆ ಹಾಕಿದೆವು ಅಂತ ಒಂದು ಸಾಲು ಹೇಳಬೇಕಲ್ವಾ? ತಂಡಗಳು ಊರು ಬಿಡುವುದೂ ಉಂಟು. 2016ರಲ್ಲಿ ರ್‍ಯಾಮ್ಸ್ ಸೇಂಟ್ ಲೂಯಿಸ್ ಬಿಟ್ಟರು, ಮರುವರ್ಷ ಚಾರ್ಜರ್ಸ್ ಸ್ಯಾನ್ ಡಿಯಾಗೊ ಬಿಟ್ಟರು, 2020ಕ್ಕೆ ರೈಡರ್ಸ್ ಓಕ್‌ಲ್ಯಾಂಡ್‌ನಿಂದ ಲಾಸ್ ವೇಗಸ್‌ಗೆ ಹೋದರು. ಅಳತೆಪಟ್ಟಿ ಆ ಊರುಗಳನ್ನು ಬೇರೆ ತಂಡಕ್ಕೆ ಕೊಡುತ್ತದೆ. ಅಲ್ಲಿನ ಜನರ ಮನಸ್ಸು ಹಾಗೆ ಕೊಡುತ್ತದೋ ಇಲ್ಲವೋ ಅನ್ನುವುದು ಬೇರೆ.

ನನಗೆ ಹೆಚ್ಚು ಕಾಡುವ ಕೊರತೆ ನಾಕೌಟ್ ಹಂತದ್ದು. ಲೀಗ್ ಹಂತ ಮುಗಿದಾಗ ನಾಕೌಟ್‌ಗೆ ಹೋಗದ ತಂಡದ ಹತ್ತಿರ ನೆಲ ಉಳಿದಿದ್ದರೆ ಅದನ್ನು ಗೆಲ್ಲಲು ಯಾರಿಗೂ ದಾರಿ ಇಲ್ಲ. ಸೋತು ಮನೆಗೆ ಹೋದವರು ಜಮೀನಿನ ಮೇಲೆ ಹಾಯಾಗಿ ಕೂತಿರುತ್ತಾರೆ, ಚಾಂಪಿಯನ್ ನೋಡುತ್ತಾ ನಿಲ್ಲಬೇಕು. ಅದಕ್ಕೇ ಕೆಲವರು ಲೀಗ್ ಹಂತಕ್ಕೇ ನಕ್ಷೆ ನಿಲ್ಲಿಸುವುದು ಮೇಲು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. 2007ರಲ್ಲಿ ಪೇಟ್ರಿಯಟ್ಸ್ ಲೀಗ್ ಹಂತದ 16 ಪಂದ್ಯಗಳನ್ನೂ ಗೆದ್ದರು, ಕೊನೆಯದು ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ 38-35. ನಾಕೌಟ್‌ನಲ್ಲಿ ಇನ್ನೆರಡು ಗೆಲುವು. ಒಂದು ಹಿಡಿ ಮಣ್ಣನ್ನೂ ಕಳೆದುಕೊಳ್ಳದೆ 18 ಪಂದ್ಯಗಳಲ್ಲಿ ಕೂಡಿಸಿದ್ದನ್ನು ಸೂಪರ್ ಬೌಲ್‌ನಲ್ಲಿ ಅದೇ ಜೈಂಟ್ಸ್ 17-14ಕ್ಕೆ ತೆಗೆದುಕೊಂಡರು. ನಕ್ಷೆಯನ್ನು ಡಿಸೆಂಬರ್‌ಗೆ ನಿಲ್ಲಿಸಿದರೆ ಈ ಪಂದ್ಯವೇ ಇಲ್ಲವಾಗುತ್ತದೆ.

ಈಗ ನನ್ನ ಕೋರಿಕೆ. ನಕ್ಷೆ ಹಾಕುವುದನ್ನು ನಿಲ್ಲಿಸಬೇಡಿ. ವರ್ಷದ ಕೊನೆಗೆ ಒಂದು ದೊಡ್ಡ ಚಿತ್ರ ಹಾಕುವ ಬದಲು ಸೆಪ್ಟೆಂಬರ್‌ನಿಂದ ವಾರಕ್ಕೊಂದು ಸಣ್ಣ ಚಿತ್ರ ಹಾಕಿ. ಅಲ್ಲಿ ಸೋಮವಾರ ರಾತ್ರಿಯ ಪಂದ್ಯ ಮುಗಿಯುವಾಗ ನಮಗೆ ಮಂಗಳವಾರ ಬೆಳಿಗ್ಗೆ, ಬುಧವಾರದ ಸಂಚಿಕೆಗೆ ಆರಾಮಾಗಿ ಆಗುತ್ತದೆ. ನಿಯಮ ನಾಲ್ಕು ಸಾಲಲ್ಲಿ ಪಕ್ಕದಲ್ಲಿರಲಿ. ಕೆಳಗೆ ಒಂದೇ ಒಂದು ತುಂಡು ನೆಲದ ದಾರಿ ಕೊಡಿ, ಯಾರಿಂದ ಯಾರಿಗೆ, ಎಷ್ಟು ಅಂಕಕ್ಕೆ. ಜಾಗ ಇಲ್ಲ ಅಂದರೆ ಚಿತ್ರ ಬಿಡಿ, ದಾರಿ ಬಿಡಬೇಡಿ. ಯಾವ ತುಂಡು ಅಂತ ಕೇಳಿದರೆ ನಾನು ಅಲಾಸ್ಕಾ ಅನ್ನುತ್ತೇನೆ. ಅಲ್ಲಿ ಒಂದೂ ಎನ್‌ಎಫ್‌ಎಲ್ ತಂಡ ಇಲ್ಲ, ಹಾಗಾಗಿ ಓದುಗರು ಪಕ್ಷ ಹಿಡಿದು ಜಗಳ ಆಡುವುದಿಲ್ಲ. ಆಡಿದರೂ ನಿಮಗೆ ಇನ್ನೂ ನಾಲ್ಕು ಪತ್ರ ಬರುತ್ತವೆ.

ಇಂತಿ,
ನಿಮ್ಮ ಕ್ರೀಡಾ ಪುಟದ ಓದುಗ